ಸಹಾಯ ಬೇಕು: ಅಪ್ಪನ ಸಿಆರ್‌ಪಿ ಏರಿದ್ದು ಕೆಮ್ಮಿನಿಂದಲೋ, ಕಿಡ್ನಿಯಿಂದಲೋ?

ಕಾಸರಗೋಡಿನ ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ 64 ವರ್ಷ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಈಗ ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತದೆ ಎಂಬ ಅಳತೆ) 48. ಮೂರು ತಿಂಗಳ ಹಿಂದೆಯೂ 60ಕ್ಕಿಂತ ಕೆಳಗೇ ಇತ್ತು. ಮೈಯಲ್ಲಿ ಉರಿಯೂತ ಇದ್ದರೆ ರಕ್ತದಲ್ಲಿ ಏರುವ ಸಿಆರ್‌ಪಿ ಬೇರೆ ಜಾಸ್ತಿ.

ಡಾಕ್ಟರು ಮಲಯಾಳದಲ್ಲಿ 'ವೀಕ್ಕಂ' ಅಂದರು. ನಾವು ಬಾವು ಅಂದುಕೊಂಡು ದಿನಾ ಅಪ್ಪನ ಪಾದ ಒತ್ತಿ ನೋಡಿದ್ದೇ ನೋಡಿದ್ದು! ಅವರು ಹೇಳಿದ್ದು ರಕ್ತನಾಳದ ಒಳಗಿನ ಉರಿಯೂತವಂತೆ. ಅದು ಹೃದಯ, ಕಿಡ್ನಿ ಎರಡನ್ನೂ ಕೆಡಿಸುತ್ತದೆ, ಕಿಡ್ನಿ ಸೋತಷ್ಟೂ ಉರಿಯೂತ ಮತ್ತೆ ಏರುತ್ತದೆ ಅಂದರು.

ಉಪ್ಪು ಕಡಿಮೆ ಮಾಡಿದ್ದೇವೆ. ಡಾಕ್ಟರು ಹೇಳಿದ ಮೇಲೆ ಮಂಡಿನೋವಿನ ಮಾತ್ರೆಯನ್ನೂ ನಿಲ್ಲಿಸಿದ್ದೇವೆ. ಆದರೆ ಶೀತ, ಜ್ವರಕ್ಕೂ ಸಿಆರ್‌ಪಿ ಏರುತ್ತದಲ್ವಾ? ರಕ್ತ ಕೊಟ್ಟ ವಾರ ಅಪ್ಪನಿಗೆ ಕೆಮ್ಮಿತ್ತು. ಗಡಿಬಿಡಿಯಲ್ಲಿ ಅದನ್ನು ಹೇಳಲೇ ಇಲ್ಲ.

ಕೆಮ್ಮು ವಾಸಿಯಾಗಿ ಎಷ್ಟು ವಾರಕ್ಕೆ ಸಿಆರ್‌ಪಿ ಮತ್ತೆ ಮಾಡಿಸಬೇಕು? ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯಾ ಎಂದು ನೋಡುವ ಆಲ್ಬುಮಿನ್ ಪರೀಕ್ಷೆಯನ್ನೂ ಕೇಳಬೇಕಾ? ಅನುಭವ ಇದ್ದವರು ಹೇಳಿ.