ಇಬ್ಬನಿ ನೋಡಿ ಮೋಸ ಹೋಗಬ್ಯಾಡ್ರಿ

ತಮ್ಮಾ, ನೀ ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ್ದು ಮುಂಜಾನೆ ಹಾಲು ಹಿಂಡಾಕ ಹೋಗೂ ಮುಂದ ನೋಡಿದ್ನಿ. ಬರಕೋತ ಕುಂತ್ರ ಸಂಜಿ ಆಗ್ತೈತಿ, ಅದಕ್ಕ ಮಾತಾಡೇ ಕಳಸಾಕತ್ತೀನಿ. ಉದ್ದ ಆದರೂ ಪೂರಾ ಕೇಳ್ರಿ. ಅಣ್ಣಾ, ನೀನೂ ಕೇಳು. ವೈನಿ, ನೀವೂ ಕೇಳ್ರಿ.

ಶಿವರಾತ್ರಿ ಮುಗದ ಮ್ಯಾಲೂ ಈ ಸಲ ಹಿಮ ಬೀಳ್ತೈತಿ, ಮಾವಿನ ಹೂವು ಕರಕಾಗ್ತಾವ, ರಾತ್ರಿ ತ್ವಾಟದಾಗ ಅಲ್ಲಲ್ಲಿ ಬೆಂಕಿ ಹಾಕಿ ಹೊಗಿ ಎಬ್ಬಸ್ರಿ ಅಂತ ಯಾರೋ ಕಳಿಸಿದ್ದನ್ನ ನೀ ದಾಟಿಸಿದಿ. ಕೆಳಗ ಎರಡು ಮಾತು ಕೇಳಿದಿ. ಧಾರವಾಡದ ಕೆಲಗೇರಿ ಕಡೆ ತ್ವಾಟದಾಗ ನಿಮ್ಮಪ್ಪ, ಅಂದ್ರ ನಮ್ಮಣ್ಣ, ಹಂಗ ಮಾಡಬೇಕೇನು ಅನ್ನೂದು ಒಂದು. ಹೋಳಿ ಸೂಟ್ಯಾಗ ಗೆಳ್ಯಾರ ಜೋಡಿ ಬಂದು ಗದಗ ಜಿಲ್ಲಾದ ಕಪ್ಪತಗುಡ್ಡದ ಮ್ಯಾಲೆ ಅಡಗಿ ಮಾಡ್ಕೊಂಡು ಉಣ್ಣಬಹುದೇನು ಅನ್ನೂದು ಇನ್ನೊಂದು. ಎರಡಕ್ಕೂ ನಂದು ಒಂದೇ ಉತ್ತರ, ಬ್ಯಾಡ.

ಮೊದಲ ಹಿಮದ ಮಾತು. ಹಿಮ, ಅಂದ್ರ ಎಲಿ ಮ್ಯಾಲೆ ಪಸಿ ಹೆಪ್ಪುಗಟ್ಟೂದು, ಕಟ್ಟಬೇಕಾದ್ರ ನೆಲಕ್ಕ ಹತ್ತಿದ ಹುಲ್ಲು, ಎಲಿ ಸೊನ್ನೆ ಡಿಗ್ರಿಗೆ ಇಳೀಬೇಕು. ಊಟಿ, ಮುನ್ನಾರಿನಾಗ ಡಿಸೆಂಬರ್, ಜನವರಿಯೊಳಗ ಹಂಗ ಆಗ್ತೈತಿ. ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಹಲ್ಲು ಕಡಕಡ ಅನ್ನೂ ಚಳಿ ಅಂದ್ರೂ 10 ಡಿಗ್ರಿ ಆಸುಪಾಸು. ಶಿವರಾತ್ರಿ ಆದ ಮ್ಯಾಲಂತೂ ಮುಂಜಾನೆ 16, 17 ಇರ್ತೈತಿ, ಮಧ್ಯಾಹ್ನಕ್ಕ 33, 34 ಮುಟ್ಟತೈತಿ. ನಮ್ಮಲ್ಲಿ ಬೀಳೂದು ಇಬ್ಬನಿ, ಹಿಮ ಅಲ್ಲ. ಹಿಮ ಬೀಳೂ ನಾಡಿನಾಗ ಹಣ್ಣಿನ ತ್ವಾಟಕ್ಕ ರಾತ್ರಿ ಬೆಂಕಿ ಹಾಕೂದು ಖರೇನ ಐತಿ. ಅಲ್ಲೀ ಮಾತನ್ನ ಯಾರೋ ತಂದು ನಮ್ಮ ಮಾವಿನ ಗಿಡಕ್ಕ ಕಟ್ಟ್ಯಾರ.

ಇಬ್ಬನಿ ಅಂದ್ರ ನನಗ ಮೊದಲ ನೆನಪಾಗೂದು ಅವ್ವ. ನಮ್ಮ ಎರಿ ಹೊಲದಾಗ ಕಡ್ಲಿ ಕಾಯಿ ಕಟ್ಟೂ ಹೊತ್ತಿಗೆ ಅವ್ವ ಬೆಳ್ಳನ್ನ ಪಂಜಿ ತಗೊಂಡು ನಸುಕಿನ್ಯಾಗ ಹೋಗಾಕಿ. ಪಂಜಿ ಎರಡು ತುದಿ ನಾವಿಬ್ಬರು ಹಿಡಕೊಂಡು ಕಡ್ಲಿ ಮ್ಯಾಲೆ ಎಳಕೋತ ಹೋದ್ರ ಇಬ್ಬನಿ ಜೋಡಿ ಕಡ್ಲಿ ಎಲಿ ಮ್ಯಾಲಿನ ಹುಳಿ ಹತ್ತತಿತ್ತು. ಹಿಂಡಿದ್ರ ತಂಬಿಗಿ ತುಂಬತಿತ್ತು, ಬೆರಳು ಚುರುಚುರು ಅಂತಿದ್ವು. ಅಣ್ಣಾ, ನಿನಗ ನೆನಪ ಐತೋ ಇಲ್ಲೋ. ಹೊಟ್ಟಿ ನೋವಿಗೆ ಅದನ್ನ ಶೀಸೆದಾಗ ಇಟ್ಟಿರತಿದ್ಲು. ಅಷ್ಟು ತೊಯ್ದಿದ್ದ ಹೊಲ, ಹೊತ್ತು ಏರಿ ಹತ್ತು ಹೊಡಿಯೂದ್ರಾಗ ಒಣಗಿ ಗಲಗಲ ಅಂತಿತ್ತು.

ತಮ್ಮಾ, ನಾ ಹೇಳೂದು ಇದನ್ನ. ಮೋಡ ಇಲ್ಲದ ಆಕಾಶ ರಾತ್ರಿ ನೆಲದ ಕಾವು ಹಿಡದ ಇಟ್ಟುಕೊಳ್ಳೂದಿಲ್ಲ, ಬಿಟ್ಟುಬಿಡ್ತೈತಿ. ಅದಕ್ಕ ನಸುಕಿನ್ಯಾಗ ತಂಪು, ಇಬ್ಬನಿ. ಅದೇ ಬರೀ ಆಕಾಶ ಹಗಲು ಬಿಸಲಿಗೆ ಅಡ್ಡ ಬರೂದಿಲ್ಲ. ಮೂಡಗಾಳಿಯೊಳಗ ಪಸಿ ಇಲ್ಲ. ಹುಲ್ಲು ಅಂದ್ರ ಕಟಗಿ ಅಲ್ಲ, ಸಣ್ಣ ಕಡ್ಡಿ, ಒಂದೆರಡು ತಾಸಿನ್ಯಾಗ ಒಣಗತೈತಿ. ಮುಂಜಾನೆ 7ಕ್ಕ ಚಪ್ಪಲಿ ತೊಯ್ಯೂ ಹುಲ್ಲು 11ಕ್ಕ ಕಿಡಿ ಬಿದ್ರ ಬುಗ್ ಅಂತೈತಿ. ಮುಂಜಾನೆ ನೋಡಿದವ್ರು ಹಸಿ ಐತಿ, ಏನಾಗ್ತೈತಿ ಬಿಡು ಅಂತಾರ. ಅಲ್ಲೇ ಮೋಸ.

ನಮ್ಮ ಬಣವಿ ಸುಟ್ಟದ್ದು ಹಂಗ. ನಮ್ಮ ಹೊಲದ ಮಗ್ಗಲದವ್ರು ಬದುವಿನ ಹುಲ್ಲಿಗೆ ಮುಂಜಾನೆ ಕಡ್ಡಿ ಗೀರಿ, ಆರಿತು ಅಂತ ನ್ಯಾರಿಗೆ ಮನಿಗೆ ಹೋಗಿದ್ರು. ಮಧ್ಯಾಹ್ನ ಸುಳಿಗಾಳಿ ಎದ್ದು ಬೂದಿಯೊಳಗಿನ ಕೆಂಡ ಎತ್ತಿ ಕಣಿಕಿ ಬಣವಿಗೆ ಒಗೀತು. ಎರಡು ಎತ್ತು, ಒಂದು ಎಮ್ಮಿಗೆ ವರ್ಷದ ಮೇವು. ಟ್ಯಾಂಕರ್ ನೀರು ಹೊಡದ್ರೂ ಮೂರು ದಿನ ಒಳಗ ಉರೀತಾನ ಇತ್ತು. ಮ್ಯಾಲೆ ಕರ್ರಗ ತೊಯ್ದಿರತಿತ್ತು, ಜಂತಗುಂಟೆ ಹಾಕಿ ಜಗ್ಗಿದ್ರ ನಡಬರಕ ಕುಲುಮಿ ಹಂಗ ಕೆಂಪಗ. ಉಳಿದ ಒಂದಿಷ್ಟು ಕಣಿಕಿ ಎತ್ತಿನ ಮುಂದ ಹಾಕಿದ್ವಿ, ಹೊಗಿ ವಾಸನಿಗೆ ಮೂಸಿ ಮಾರಿ ತಿರುವಿದ್ವು. ನಿಮ್ಮ ಮಾಮಾ ಅವತ್ತು ದಂದಕ್ಕಿ ಹಂತೇಕ ಕುಂತು ಅತ್ತಿದ್ದು ನಾ ನೋಡೀನಿ. ಆ ಮನುಷ್ಯಾ ಬರಗಾಲದಾಗೂ ಅತ್ತಾಂವಲ್ಲ.

ಅಣ್ಣಾ, ತ್ವಾಟದಾಗ ಗಿಡದ ಕೆಳಗ ಉದುರಿದ ತರಗು ಎಷ್ಟು ಬಿದ್ದಿರ್ತೈತಿ ನಿನಗ ಗೊತ್ತೈತಿ. ಅದರ ನಡಕ ಹೊಗಿ ಹಾಕಿದ್ರ ಹೂವು ಉಳಿಯೂದು ದೂರ, ಆ ಝಳಕ್ಕ ಮಿಡಿ ಉದುರತಾವ, ಕೆಳಗಿನ ಟೊಂಗಿ ಸುಡತಾವ. ಇಬ್ಬನಿಯಿಂದ ಮಾವಿಗೆ ತ್ರಾಸ ಇಲ್ಲ ಅಂತಲ್ಲ. ಹೂವಿನ ಮ್ಯಾಲೆ ಬೆಳ್ಳಗ ಹಿಟ್ಟು ಹೊಡದಂಗ ಬೂದಿ ರೋಗ ಬರ್ತೈತಿ. ಅದಕ್ಕ ಔಷಧ ಬ್ಯಾರೆ, ಕೃಷಿ ವಿಶ್ವವಿದ್ಯಾಲಯ ನಿಮ್ಮ ಮನಿ ಮಗ್ಗಲಕ್ಕ ಐತಿ, ಒಂದು ಗೊಂಚಲು ಮುರಕೊಂಡು ಹೋಗಿ ತೋರಸು. ಗಂಧಕ ಹೊಡೀ ಅಂದ್ರ ತಂಪು ಹೊತ್ತಿನ್ಯಾಗ ಹೊಡೀ, ಸುಡು ಬಿಸಲಾಗ ಹೊಡದ್ರ ಎಲಿ ಸುಡತಾವ. ಆ ತರಗು ಗಿಡದ ಬುಡದ ಸುತ್ತ ಹರವಿ ಬಿಡು, ಪಸಿ ಹಿಡೀತೈತಿ. ಆದ್ರ ಬೇಲಿ ಗುಂಟ, ರಸ್ತಾದ ಕಡೆ, ಎರಡು ಮಾರು ಅಗಲ ಕೆತ್ತಿಸಿ ಮಣ್ಣು ಕಾಣೂ ಹಂಗ ಇಡು. ಹಾದಿ ಮ್ಯಾಲೆ ಹೋಗಾವ್ರು ಬೀಡಿ ಒಗೀತಾರ.

ಇನ್ನ ಗುಡ್ಡ. ತಮ್ಮಾ, ಕಪ್ಪತಗುಡ್ಡ 2019ರಾಗ ವನ್ಯಜೀವಿ ಧಾಮ ಆಗೈತಿ, 244 ಚದರ ಕಿಲೋಮೀಟರ್. ಧಾಮಕ್ಕ ಅಪಾಯ ಆಗೂ ಹಂಗ ಒಳಗ ಬೆಂಕಿ ಹಚ್ಚೂದು, ಹಚ್ಚಿದ್ದನ್ನ ಹಂಗ ಬಿಟ್ಟು ಬರೂದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಒಣ ಹುಲ್ಲಿನ ನಡಬರಕ ಮೂರು ಕಲ್ಲಿನ ಒಲಿ ಹೂಡಿದ್ರೂ ಅಷ್ಟ. ಕಾಯ್ದೆ ಬಿಡು, ನೀ ಗುಡ್ಡ ನೋಡು. ಮ್ಯಾಲೆಲ್ಲ ಬಾದಿ ಹುಲ್ಲು, ಎದಿಮಟ, ಈಗ ಒಣಗಿ ಬಂಗಾರದಂಗ ಕಾಣತೈತಿ. ಗಾಳಿ ಎಷ್ಟು ಅಂದ್ರ ಅದನ್ನ ನಂಬೇ ಅಲ್ಲಿ ಕರೆಂಟ್ ತಯಾರ ಮಾಡೂ ದೊಡ್ಡ ಫ್ಯಾನು ನಿಲ್ಲಿಸ್ಯಾರ. ಬೆಂಕಿ ಇಳಕಲಿಗಿಂತ ಏರಿಗೆ ಜೋರ ಓಡತೈತಿ, ಯಾಕಂದ್ರ ಅದರ ಝಳ ಮ್ಯಾಲಿನ ಹುಲ್ಲನ್ನ ಮೊದಲ ಒಣಗಿಸಿ ಇಡ್ತೈತಿ. ನೀವು ಕೆಳಗ ಅನ್ನ ಇಟ್ಟು ಮ್ಯಾಲೆ ಫೋಟೋ ಹೊಡಕೋತ ನಿಂತಿದ್ರ ಓಡಾಕ ಹಾದಿ ಇರೂದಿಲ್ಲ.

ಸುಟ್ಟರ ಹೊಸ ಹುಲ್ಲು ಚಲೋ ಬರ್ತೈತಿ ಅಂತ ನಮ್ಮ ಊರಾಗೂ ಅನ್ನಾವ್ರು ಅದಾರ. ಚಿಗುರು ಬರ್ತೈತಿ, ಇಲ್ಲ ಅನ್ನೂದಿಲ್ಲ. ಆದ್ರ ಬತ್ತಲ ಆದ ಗುಡ್ಡದ ಮ್ಯಾಲೆ ಅಶ್ವಿನಿ, ಭರಣಿಯೊಳಗ ಒಂದು ಅಡ್ಡಮಳಿ ಜೋರ ಬಿತ್ತಂದ್ರ ಮ್ಯಾಲಿನ ಮಣ್ಣು ಕೆರಿಗೆ ಇಳೀತೈತಿ. ಮರುವರ್ಷ ಅಲ್ಲಿ ಕಲ್ಲು ಕಾಣತಾವ. ಕತ್ತಿಕಿರುಬ, ಮೊಲ, ಔಷಧಿ ಗಿಡ ಎಲ್ಲಾ ಆ ಹುಲ್ಲಿನ ಆಸರಿಗೇ ಅದಾವ. ಈ ಗುಡ್ಡ ಉಳಸಾಕ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಬೀದಿಗೆ ಇಳಿದಿದ್ರು. ನಾವು ಒಂದು ಊಟಕ್ಕ ಅದನ್ನ ಸುಡೂದು ಬ್ಯಾಡಪ್ಪಾ.

ಮಳಿ ಯಾವಾಗ ಅಂತ ವೈನಿ ಕೇಳಿದ್ರು. ಹವಾಮಾನ ಇಲಾಖೆ ಮಾರ್ಚಿನಿಂದ ಮೇ ತನಕದ ಅಂದಾಜನ್ನ ಫೆಬ್ರವರಿ ಕಡೀಗೆ ಹೇಳ್ತೈತಿ. ಅದು ಇಡೀ ಸೀಮಿಗೆ ಬಿಸಲು, ಮಳಿ ಹೆಚ್ಚೋ ಕಡಿಮಿಯೋ ಅಂತ ಅಷ್ಟ, ಇಂಥಾ ದಿನ ಇಂಥಾ ಊರಾಗ ಅಂತಲ್ಲ. ತಿಂಗಳು ಮುಂಚೆ ತಾರೀಖು ಬರೆದು ಕಳಿಸಿದ ಮೆಸೇಜು ನಂಬಬ್ಯಾಡ್ರಿ. ನಾಕೈದು ದಿನದೊಳಗಿಂದು ಆದ್ರ ನೋಡ್ರಿ, ಗುಡುಗು ಸಿಡ್ಲು ಅಂದಿದ್ರ ಗಿಡದ ಕೆಳಗ ನಿಲ್ಲಬ್ಯಾಡ್ರಿ.

ತಮ್ಮಾ, ಹೋಳಿಗೆ ಬಾ, ಗೆಳ್ಯಾರನ್ನೂ ಕರಕೊಂಡು ಬಾ. ಊಟ ನಮ್ಮ ಮನ್ಯಾಗ, ಕರಿಗಡಬು ಮಾಡ್ತೀನಿ. ಮುಂಜಾನೆ ಗುಡ್ಡ ನೋಡಿ 10ರೊಳಗ ಇಳೀರಿ, ಕಡ್ಡಿಪೆಟ್ಟಿಗಿ, ಲೈಟರ್ ನಮ್ಮ ಮನ್ಯಾಗ ಇಟ್ಟು ಹತ್ರಿ. ಹೊಗಿ ಕಂಡ್ರ ಆರಸಾಕ ಹೋಗಬ್ಯಾಡ್ರಿ, ಇಳದು 112ಕ್ಕ ಫೋನ್ ಹಚ್ಚ್ರಿ. ನಮ್ಮ ಓಣಿ ಹುಡುಗ್ರು ಕಾಮಣ್ಣಗ ಈಗಲೇ ಕುಳ್ಳು ಕದಿಯಾಕ ಸುರು ಮಾಡ್ಯಾರ. ಕಾಮಣ್ಣನ್ನ ಈ ಸಲ ಬಣವಿ ಬಾಜೂಕ ಬ್ಯಾಡ, ಕೆರಿ ಅಂಗಳದಾಗ ಸುಡ್ರಿ ಅಂತ ಇವತ್ತು ಸಂಜಿಗೆ ಹಿರ್ಯಾರಿಗೆ ಹೇಳಾಕ ಹೊಂಟೀನಿ. ಅಣ್ಣಾ, ಬೇಲಿ ಕೆತ್ತಿಸಿದ ಮ್ಯಾಲೆ ಒಂದು ಫೋಟೋ ಹಾಕು ಇಲ್ಲೆ.