ಆಡಿಯೋ ವ್ಯವಸ್ಥೆಗೆ ಪವರ್ ಕಂಡೀಷನರ್: ಕೊಂಡವರೂ ಕೊಳ್ಳದೆ ಬಿಟ್ಟವರೂ ಅನುಭವ ತಿಳಿಸಿ

ಕೇಳುಗ:
ಎಲ್ಲರಿಗೂ ನಮಸ್ಕಾರ. ನನ್ನಲ್ಲಿ ಟೊರಾಯ್ಡಲ್ (ಬಳೆಯಾಕಾರದ ಕೋರ್‌ನ) ಟ್ರಾನ್ಸ್‌ಫಾರ್ಮರ್ ಇರುವ, ಚಾನೆಲ್‌ಗೆ 80 ವ್ಯಾಟ್‌ನ ಆಂಪ್ಲಿಫೈಯರ್, ಒಂದು ಟರ್ನ್‌ಟೇಬಲ್ ಮತ್ತು ಕಂಪ್ಯೂಟರಿಗೆ ಯುಎಸ್‌ಬಿ ಮೂಲಕ ಜೋಡಿಸಿದ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ) ಇವೆ. ಕೆಲವು ತಿಂಗಳಿಂದ ಬೆಳಗ್ಗೆ ಮತ್ತು ಸಂಜೆ ಗುಂಯ್ ಎನ್ನುವ ಸದ್ದು ಬರುತ್ತಿದ್ದು, ಹತ್ತು ಹದಿನೈದು ನಿಮಿಷಗಳಲ್ಲಿ ತಾನಾಗಿಯೇ ನಿಂತುಹೋಗುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಕಡಿಮೆಯಾಗುವುದಿಲ್ಲ. ಪವರ್ ಕಂಡೀಷನರ್ (ಬರುವ ವಿದ್ಯುತ್ತಿನ ಗದ್ದಲ ಸೋಸುವ ಪೆಟ್ಟಿಗೆ), ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಮನೆಯ ಲೈನ್‌ಗೂ ಉಪಕರಣಕ್ಕೂ ನೇರ ತಂತಿ ಸಂಪರ್ಕವಿಲ್ಲದಂತೆ ಮಾಡುವಂಥದು), ಫಿಲ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್, ಈ ಮೂರರಲ್ಲಿ ಯಾವುದಕ್ಕೆ ಹಣ ಹಾಕುವುದು ಸರಿಯೆಂದು ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಮಂದ್ರಸ್ಥಾಯಿ:
ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ, ಬೇರೆ ಯೋಚನೆ ಬೇಡ. ನಾನು 2 ಕೆವಿಎ ಸಾಮರ್ಥ್ಯದ್ದನ್ನು ಹೇಳಿ ಮಾಡಿಸಿದೆ. ಅದಕ್ಕೆ ತಗುಲಿದ ವೆಚ್ಚ ನನ್ನ ಆಂಪ್ಲಿಫೈಯರ್‌ನ ಬೆಲೆಯ ಸರಿಯಾಗಿ ಮೂರನೇ ಎರಡು ಭಾಗ. ಮೊದಲು ಬಂದ ಟ್ರಾನ್ಸ್‌ಫಾರ್ಮರ್‌ನ ತಗಡಿನ ಪದರಗಳು ಸಡಿಲವಾಗಿದ್ದುದರಿಂದ ಅದೇ ಗುಂಯ್‌ಗುಡುತ್ತಿತ್ತು. ವಾಪಸು ಕಳುಹಿಸುವ ಸಾಗಣೆಯನ್ನು ನಾನೇ ಭರಿಸಿ, ಎರಡನೆಯದಕ್ಕಾಗಿ ಏಳು ವಾರ ಕಾದೆ. ಅದು ಬಂದ ಮೇಲೆ ಸ್ವಿಚ್ ಹಾಕಿದಾಗಲೆಲ್ಲ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳತೊಡಗಿತು, ಏಕೆಂದರೆ ದೊಡ್ಡ ಟ್ರಾನ್ಸ್‌ಫಾರ್ಮರ್ ಚಾಲೂ ಆಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಕರೆಂಟಿನ ಹತ್ತು ಪಟ್ಟಿಗೂ ಹೆಚ್ಚು ಎಳೆಯಬಲ್ಲದು. ಎಲೆಕ್ಟ್ರಿಷಿಯನ್‌ರಿಂದ ಬಿ ಬಗೆಯ ಎಂಸಿಬಿ ತೆಗೆಸಿ, ಚಾಲೂ ಆಗುವ ಕ್ಷಣದ ಹೆಚ್ಚಿನ ಕರೆಂಟ್ ತಾಳುವ ಸಿ ಬಗೆಯದನ್ನು ಹಾಕಿಸಿದೆ, ಜೊತೆಗೆ ನಿಧಾನವಾಗಿ ಚಾಲೂ ಆಗುವಂತೆ ಒಂದು ಸಾಫ್ಟ್ ಸ್ಟಾರ್ಟ್ ಸರ್ಕ್ಯೂಟ್ ಸೇರಿಸಿದೆ. ಹೊರೆಯಿಲ್ಲದಾಗ ಅದರ ಔಟ್‌ಪುಟ್ 230ರ ಬದಲು 241 ವೋಲ್ಟ್ ತೋರಿಸುತ್ತದೆಂಬುದು ಆಮೇಲೆ ತಿಳಿದು, ಪ್ರೈಮರಿಯ (ಕರೆಂಟ್ ಒಳಬರುವ ಸುರುಳಿಯ) ಟ್ಯಾಪ್, ಎಂದರೆ ತಂತಿ ಜೋಡಿಸುವ ಜಾಗ, ಬದಲಿಸಬೇಕಾಯಿತು. ಇಷ್ಟೆಲ್ಲ ಪಟ್ಟ ಪಾಡಿಗೆ ಫಲವೆಂಬಂತೆ ಇಂದು ನನ್ನ ಕೋಣೆಯಲ್ಲಿ ತಂಬೂರಿಯ ನಾದ ಮುಗಿದ ಮೇಲೆ ಉಳಿಯುವುದು ಮೌನ ಮಾತ್ರ.

ಹಳೆಯ ತಂತಿ:
ನಾನು ಮೂರು ವರ್ಷಗಳಲ್ಲಿ ಮೂರು ಪೆಟ್ಟಿಗೆ ಕೊಂಡವನು. ಮೊದಲನೆಯದು ಫಿಲ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್. ಅದನ್ನು ಹಾಕಿದ ಸಾಕೆಟ್‌ಗೆ ಅರ್ಥಿಂಗ್ ತಂತಿಯೇ ಬಂದಿರಲಿಲ್ಲ. ಫಿಲ್ಟರ್‌ನೊಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಅರ್ಥ್‌ಗೆ ಜೋಡಿಸಿದ ವೈ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಇಲ್ಲದಿದ್ದರೆ ಅವೆರಡರ ನಡುಬಿಂದು, ಎಂದರೆ ಸುಮಾರು 115 ವೋಲ್ಟ್, ಆಂಪ್ಲಿಫೈಯರ್‌ನ ಲೋಹದ ಮೈಮೇಲೆ ಬಂದು ಕೂರುತ್ತದೆ. ಕರೆಂಟ್ ಅತ್ಯಲ್ಪವಾದರೂ ಮುಟ್ಟಿದಾಗಲೆಲ್ಲ ಕೈ ಜುಮ್ಮೆನ್ನುತ್ತಿತ್ತು, ಹಮ್ (ಸ್ಪೀಕರಿನಲ್ಲಿ ಬರುವ ಗುಂಯ್ ಸದ್ದು) ಇಮ್ಮಡಿಯಾಯಿತು. ಎರಡನೆಯ ಪೆಟ್ಟಿಗೆ ಮಾರಿದಾಗ ಅರ್ಧ ಹಣ ಹೋಯಿತು. ಮೂರನೆಯದನ್ನು ಕೇಳುವವರೇ ಇಲ್ಲದೆ ಅದು ಈಗಲೂ ಅಟ್ಟದ ಮೇಲಿದೆ.

ಕೊನೆಗೆ ತಪ್ಪು ಸಿಕ್ಕಿದ್ದು ಟೀವಿಯ ಕೇಬಲ್‌ನಲ್ಲಿ. ಆ ಕೇಬಲ್‌ನ ಹೊರಕವಚಕ್ಕೆ ಹೊರಗೆಲ್ಲೋ ಒಂದು ಅರ್ಥ್, ನನ್ನ ಆಂಪ್ಲಿಫೈಯರ್‌ಗೆ ಮನೆಯ ಅರ್ಥ್. ಎರಡರ ನಡುವಿನ ವ್ಯತ್ಯಾಸದ ಕರೆಂಟ್ ಸಿಗ್ನಲ್ ತಂತಿಯ ಕವಚದಲ್ಲೇ ಹರಿಯುತ್ತಿತ್ತು. ಇದನ್ನೇ ಗ್ರೌಂಡ್ ಲೂಪ್ ಎನ್ನುವುದು, ಮತ್ತು ಯಾವ ಪವರ್ ಕಂಡೀಷನರ್ ಕೂಡ ಇದನ್ನು ಮುಟ್ಟಲಾರದು, ಏಕೆಂದರೆ ಗದ್ದಲ ಪ್ಲಗ್‌ನಿಂದ ಒಳಗೆ ಬರುತ್ತಿಲ್ಲ. ಕೇಬಲ್‌ಗೆ ಹೆಬ್ಬೆರಳಿನಷ್ಟಿರುವ ಗ್ಯಾಲ್ವನಿಕ್ ಐಸೊಲೇಟರ್ (ನೇರ ವಿದ್ಯುತ್ ಸಂಪರ್ಕ ಕಡಿದು ಸಿಗ್ನಲ್ ಮಾತ್ರ ದಾಟಿಸುವ ಸಾಧನ) ಹಾಕಿದ ಕ್ಷಣವೇ ಹಮ್ ಹೋಯಿತು. ಆಡಿಯೋ ಎಂಜಿನಿಯರ್ ನೀಲ್ ಮನ್ಸಿಯವರು 1995ರಲ್ಲಿಯೇ ಉಪಕರಣಗಳೊಳಗಿನ ಪಿನ್ 1 (ತಂತಿಯ ಕವಚ ಸೇರುವ ಪಿನ್) ದೋಷದ ಬಗ್ಗೆ ಬರೆದು, ಕವಚದ ಕರೆಂಟನ್ನು ನೇರವಾಗಿ ಲೋಹದ ಮೈಗೆ ಕೊಡದೆ ಸರ್ಕ್ಯೂಟ್‌ನ ಗ್ರೌಂಡ್‌ಗೆ ಬಿಟ್ಟರೆ ಹೇಗೆ ಹಮ್ ಆಗುತ್ತದೆಂದು ತೋರಿಸಿದ್ದರು. ಅದನ್ನು ಮೊದಲೇ ಓದಿದ್ದರೆ ನನ್ನ ಹಣ ಉಳಿಯುತ್ತಿತ್ತು. ಟರ್ನ್‌ಟೇಬಲ್ ಇರುವವರು ಇನ್ನಷ್ಟು ಎಚ್ಚರವಾಗಿರಬೇಕು: ಕಾರ್ಟ್ರಿಜ್ (ಸೂಜಿಯಿರುವ ಭಾಗ) ಕೊಡುವುದು ಸುಮಾರು 5 ಮಿಲಿವೋಲ್ಟ್, ರೆಕಾರ್ಡ್‌ನಲ್ಲಿ ತಗ್ಗಿಸಿದ ಮಂದ್ರ ಸ್ವರಗಳನ್ನು ಮತ್ತೆ ಏರಿಸುವ ಆರ್‌ಐಎಎ ತಿದ್ದುಪಡಿಯು 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ ಹಮ್ ಇರುವ 50 ಹರ್ಟ್ಸ್ ಅನ್ನು ಸುಮಾರು 17 ಡೆಸಿಬೆಲ್ ಮೇಲೆತ್ತುತ್ತದೆ.

ಆಧಾರಶ್ರುತಿ:
ಹಳೆಯ ತಂತಿಯವರು ಅರ್ಥಿಂಗ್ ಮಾತೆತ್ತಿದ್ದರಿಂದ ಹೇಳುತ್ತೇನೆ. ನಾನು ಆಡಿಯೋ ಕೋಣೆಗೆಂದೇ ಪ್ರತ್ಯೇಕ ಅರ್ಥಿಂಗ್ ಮಾಡಿಸಿದ್ದೇನೆ. ಮೂರು ಮೀಟರ್ ಉದ್ದದ ತಾಮ್ರ ಲೇಪಿತ ಸರಳನ್ನು ಗೋಡೆಯಾಚೆ ನೆಲಕ್ಕೆ ಇಳಿಸಿದೆವು. ಎರಡು ಮೀಟರ್ ಇಳಿದ ಮೇಲೆ ಬಂಡೆ ಸಿಕ್ಕಿ, ಬೇರೆ ಕಡೆ ಮತ್ತೆ ತೋಡಿಸಿದ ಕೂಲಿ, ದಪ್ಪ ಹಸಿರು ತಂತಿ, ಗೋಡೆ ಕೊರೆದು ಮತ್ತೆ ಗಾರೆ ಹಚ್ಚಿದ ಖರ್ಚು ಎಲ್ಲ ಸೇರಿ ಒಂದು ಒಳ್ಳೆಯ ಡ್ಯಾಕ್‌ನಷ್ಟಾಯಿತು. ಮನೆಯ ಅರ್ಥ್‌ಗೆ ಅದನ್ನು ಬೇಕೆಂದೇ ಜೋಡಿಸಿಲ್ಲ, ಏಕೆಂದರೆ ಫ್ರಿಜ್ ಮತ್ತು ಪಂಪ್‌ಗಳ ಕೊಳೆಯೆಲ್ಲ ಆ ತಂತಿಯಲ್ಲಿಯೇ ಇರುತ್ತದೆ. ಅಂದಿನಿಂದ ಹಿನ್ನೆಲೆಯ ಸದ್ದು ಸ್ಪಷ್ಟವಾಗಿ ಇಳಿದಿದೆ. ಪ್ರಶ್ನೆ ಕೇಳಿದವರೂ ಹೀಗೆಯೇ ಮಾಡಿಸಬೇಕು.

ನಿಶ್ಶಬ್ದ:
ಆಧಾರಶ್ರುತಿಯವರೇ, ಈ ಸಲಹೆಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ, ಇದು ಜೀವಕ್ಕೆ ಅಪಾಯ. ನಿಮ್ಮ ಸರಳಿನ ಪ್ರತಿರೋಧ 20 ಓಮ್ ಎಂದಿಟ್ಟುಕೊಳ್ಳಿ. ಆಂಪ್ಲಿಫೈಯರ್‌ನೊಳಗೆ ಫೇಸ್ ತಂತಿ ಲೋಹಕ್ಕೆ ತಗುಲಿದರೆ 230 ವೋಲ್ಟ್‌ಗೆ ಹರಿಯುವ ಕರೆಂಟ್ 11.5 ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂಸಿಬಿ ಅದನ್ನು ಮಾಮೂಲಿ ಹೊರೆಯೆಂದು ಭಾವಿಸಿ ಸುಮ್ಮನಿರುತ್ತದೆ, ಆಂಪ್ಲಿಫೈಯರ್‌ನ ಮೈ ಕರೆಂಟ್ ಹೊತ್ತು ನಿಂತಿರುತ್ತದೆ. ಮನೆಯಲ್ಲಿ ಎಷ್ಟು ಸರಳುಗಳಿದ್ದರೂ ಅವೆಲ್ಲ ಒಂದಕ್ಕೊಂದು ಜೋಡಣೆಯಾಗಿರಲೇಬೇಕು.

ನಾನು ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ನಿಮ್ಮಂತೆಯೇ ಬೇರೆ ಸರಳು ಹಾಕಿಸಿ ಎರಡು ಮಳೆಗಾಲ ಹೆಮ್ಮೆಪಟ್ಟವನು ನಾನು. ಮೂರನೆಯ ಮಳೆಗಾಲದಲ್ಲಿ ಸಮೀಪದಲ್ಲೆಲ್ಲೋ ಸಿಡಿಲು ಬಡಿಯಿತು. ನೆಲದಲ್ಲಿ ಸಿಡಿಲಿನ ಕರೆಂಟ್ ಹರಡುವಾಗ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ನನ್ನ ಮನೆಯಲ್ಲಿ ಆ ವ್ಯತ್ಯಾಸ ಸೇರಿಹೋಗಲು ಇದ್ದ ಏಕೈಕ ದಾರಿ ಕಂಪ್ಯೂಟರಿನಿಂದ ಡ್ಯಾಕ್‌ಗೆ ಹೋಗುವ ಯುಎಸ್‌ಬಿ ತಂತಿ. ಡ್ಯಾಕ್ ಸುಟ್ಟಿತು, ಪ್ರೀಆಂಪ್ಲಿಫೈಯರ್‌ನ ಎಡ ಚಾನೆಲ್ ಸತ್ತಿತು, ಕಂಪ್ಯೂಟರಿನ ಮದರ್‌ಬೋರ್ಡ್ ಹೋಯಿತು. ರಿಪೇರಿಗೆ ಕೊಟ್ಟವರು ಐದು ತಿಂಗಳು ಇಟ್ಟುಕೊಂಡು, ಬಿಡಿಭಾಗ ಸಿಗುವುದಿಲ್ಲವೆಂದು ಹಾಗೆಯೇ ಹಿಂತಿರುಗಿಸಿದರು. ಸರ್ಜ್ ಪ್ರೊಟೆಕ್ಟರ್ ಇತ್ತು ನಿಜ, ಆದರೆ ಅದರೊಳಗಿನ ಎಂಒವಿ (ಮಿತಿಮೀರಿದ ವೋಲ್ಟೇಜನ್ನು ಹೀರುವ ಬಿಡಿಭಾಗ) ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆಂಬುದನ್ನು ನನಗೆ ಯಾರೂ ಹೇಳಿರಲಿಲ್ಲ.

ಆಧಾರಶ್ರುತಿ:
ನನ್ನ ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆ. ಸೋರಿಕೆಯಾದ ಕ್ಷಣ ಅದು ಬೀಳುತ್ತದೆ. ನಿಮ್ಮ ಉಪಕರಣ ಸುಟ್ಟಿದ್ದಕ್ಕೆ ವಿಷಾದವಿದೆ, ಆದರೆ ನಿಮ್ಮ ದುರದೃಷ್ಟವನ್ನು ನನ್ನ ಕೆಲಸದ ಮೇಲೆ ಹೊರಿಸಬೇಡಿ. ನೀವು ನನ್ನ ಕೋಣೆಗೆ ಬಂದು ಕೇಳಿದವರಲ್ಲ.

ನಿಶ್ಶಬ್ದ:
ಆರ್‌ಸಿಸಿಬಿಯನ್ನು ಎಷ್ಟು ವರ್ಷಗಳ ಹಿಂದೆ ಟೆಸ್ಟ್ ಬಟನ್ ಒತ್ತಿ ನೋಡಿದ್ದೀರಿ? ಅದು ಬಿದ್ದರೆ ನಿಮ್ಮ ಜೀವ ಉಳಿಯುತ್ತದೆ, ಒಪ್ಪುತ್ತೇನೆ. ಸಿಡಿಲಿಗೆ ಅದರಿಂದ ಏನೂ ಆಗುವುದಿಲ್ಲ. ಕೋಣೆಗೆ ಬಂದು ಕೇಳುವ ಮಾತು ಇಲ್ಲಿ ಅಪ್ರಸ್ತುತ. ಈ ಬರಹ ಓದಿ, ಆರ್‌ಸಿಸಿಬಿಯೂ ಇಲ್ಲದ ಮನೆಯಲ್ಲಿ ಯಾರಾದರೂ ಸರಳು ನೆಟ್ಟರೆ ಹೊಣೆ ಯಾರದು?

ಆವರ್ತನ:
ಅರ್ಥಿಂಗ್ ಜಗಳದ ನಡುವೆ ಮೂಲ ಪ್ರಶ್ನೆ ಕಳೆದುಹೋಗುತ್ತಿದೆ. ನಾನು ಬಳಸುವುದು ಪವರ್ ರೀಜನರೇಟರ್. ಬರುವ ಎಸಿಯನ್ನು ಡಿಸಿ ಮಾಡಿ, ಮತ್ತೆ ಶುದ್ಧ ಸೈನ್ ಅಲೆಯಾಗಿ ಕಟ್ಟುವ ಯಂತ್ರ. ನನ್ನ ಸಾಕೆಟ್‌ನಲ್ಲಿ ಆಸಿಲೋಸ್ಕೋಪ್‌ನಿಂದ ನೋಡಿದರೆ ಅಲೆಯ ತುದಿ ಒತ್ತಿದಂತೆ ಚಪ್ಪಟೆಯಾಗಿತ್ತು. ಸುತ್ತಮುತ್ತಲಿನ ಚಾರ್ಜರ್, ಎಲ್‌ಇಡಿ, ಕಂಪ್ಯೂಟರ್‌ಗಳೆಲ್ಲ ವೋಲ್ಟೇಜ್ ಶಿಖರದಲ್ಲಿರುವಾಗಲೇ ಕರೆಂಟ್ ಎಳೆಯುವುದು ಇದಕ್ಕೆ ಕಾರಣ. ಶಿಖರ 325 ವೋಲ್ಟ್ ಇರಬೇಕಾದಲ್ಲಿ ನನಗೆ ಸಿಕ್ಕಿದ್ದು 309. ಆಂಪ್ಲಿಫೈಯರ್‌ನ ಕೆಪಾಸಿಟರ್‌ಗಳು ತುಂಬಿಕೊಳ್ಳುವುದು ಈ ಶಿಖರದಿಂದಲೇ ಆದ್ದರಿಂದ ವ್ಯತ್ಯಾಸ ಕೇಳಿಸದೆ ಇರುವುದಿಲ್ಲ. ವೆಚ್ಚ ಆಂಪ್ಲಿಫೈಯರ್‌ಗಿಂತ ಹೆಚ್ಚು. ವರ್ಷವಿಡೀ ಬಿಸಿಯಾಗಿ ಕುಳಿತು ವಿದ್ಯುತ್ ಬಿಲ್ಲನ್ನೂ ಏರಿಸಿದೆ. ಮೊದಲ ಫ್ಯಾನ್ ಹದಿನಾಲ್ಕು ತಿಂಗಳಿಗೆ ಕಿರುಗುಟ್ಟತೊಡಗಿ, ವಾರಂಟಿ ಮುಗಿದಿದ್ದುದರಿಂದ ನಾನೇ ಬದಲಿಸಿದೆ. ಆದರೂ ವಿಷಾದವಿಲ್ಲ. ಸ್ವರಮಂಡಲದ ತಂತಿಗಳು ಈಗ ಒಂದೊಂದಾಗಿ ಕೇಳುತ್ತವೆ.

ಹಳೆಯ ತಂತಿ:
ಆವರ್ತನ ಅವರೇ, ಶಿಖರ 325ರಿಂದ 309ಕ್ಕೆ ಇಳಿದರೆ ಆಗುವುದು ಶೇ. 5ರಷ್ಟು ಕಡಿಮೆ ವೋಲ್ಟೇಜ್, ಎಂದರೆ ಗರಿಷ್ಠ ಶಕ್ತಿಯಲ್ಲಿ ಅರ್ಧ ಡೆಸಿಬೆಲ್‌ಗಿಂತ ಕಡಿಮೆ ನಷ್ಟ. ಅದೂ ಆಂಪ್ಲಿಫೈಯರ್ ತನ್ನ ಮಿತಿಯಲ್ಲಿ ದುಡಿಯುವಾಗ ಮಾತ್ರ. ಸ್ವರಮಂಡಲ ಕೇಳುವಾಗ ನೀವು ಒಂದೆರಡು ವ್ಯಾಟ್ ಬಳಸುತ್ತಿರಬಹುದು. ನನ್ನ ಎರಡನೆಯ ಪೆಟ್ಟಿಗೆಯನ್ನು ನನ್ನ ತಂಗಿ ನನಗೆ ಕಾಣದಂತೆ ಬದಲಿಸುತ್ತ ಇಪ್ಪತ್ತು ಸಲ ಕೇಳಿಸಿದಳು. ನಾನು ಸರಿಯಾಗಿ ಹೇಳಿದ್ದು ಹನ್ನೊಂದು ಸಲ. ಆ ರಾತ್ರಿಯೇ ಅದನ್ನು ಮಾರಾಟಕ್ಕೆ ಹಾಕಿದೆ.

ಆವರ್ತನ:
ನಿಮ್ಮ ಕಿವಿಗೆ ಕೇಳಿಸಲಿಲ್ಲವೆಂದರೆ ನಿಮ್ಮ ವ್ಯವಸ್ಥೆಯಲ್ಲಿ ಅದು ಕೇಳಿಸಲಿಲ್ಲ ಎಂದಷ್ಟೇ ಅರ್ಥ. ಗ್ರೌಂಡ್ ಲೂಪ್ ಇಟ್ಟುಕೊಂಡೇ ಪೆಟ್ಟಿಗೆ ಪರೀಕ್ಷಿಸಿದವರು ಎಲ್ಲ ಪೆಟ್ಟಿಗೆಗಳಿಗೂ ತೀರ್ಪು ಕೊಡುವುದು ನ್ಯಾಯವಲ್ಲ.

ಹಳೆಯ ತಂತಿ:
ಲೂಪ್ ಸರಿಪಡಿಸಿದ ಮೇಲೆಯೇ ಆ ಪರೀಕ್ಷೆ ಮಾಡಿದ್ದು. ಮೇಲೆ ಬರೆಯುವಾಗ ಕ್ರಮ ಹೇಳದಿದ್ದುದು ನನ್ನ ತಪ್ಪು.

ಕೇಳುಗ:
ಎಲ್ಲರ ಉತ್ತರಗಳನ್ನೂ ಎರಡೆರಡು ಬಾರಿ ಓದಿದೆ. ನಿನ್ನೆ ಸಂಜೆ ಸದ್ದು ಬಂದಾಗ ಟರ್ನ್‌ಟೇಬಲ್, ಡ್ಯಾಕ್ ಎಲ್ಲದರ ತಂತಿ ಕಿತ್ತೆ. ಸದ್ದು ಹಾಗೆಯೇ ಇತ್ತು. ಸ್ಪೀಕರ್ ತಂತಿಯನ್ನೂ ತೆಗೆದೆ, ಆಗಲೂ ಇತ್ತು. ಕಿವಿ ಹತ್ತಿರ ತಂದಾಗ ತಿಳಿದದ್ದೆಂದರೆ ಗುಂಯ್‌ಗುಡುತ್ತಿರುವುದು ಆಂಪ್ಲಿಫೈಯರ್‌ನ ಪೆಟ್ಟಿಗೆಯೇ, ಸ್ಪೀಕರ್ ಅಲ್ಲ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಹೇರ್ ಡ್ರೈಯರ್ ನಿಂತಿತು, ಇದೂ ನಿಂತಿತು.

ಹಳೆಯ ತಂತಿ:
ಹಾಗಾದರೆ ನಾನು ಹೇಳಿದ ಲೂಪ್ ಅಲ್ಲ, ಇದು ಎಸಿಯಲ್ಲಿ ಸೇರಿದ ಡಿಸಿ. ಕೆಲವು ಡ್ರೈಯರ್‌ಗಳು ಕಡಿಮೆ ಬಿಸಿಯ ಸ್ಥಾನದಲ್ಲಿ ಒಂದು ಡಯೋಡ್ ಇಟ್ಟು ಅಲೆಯ ಅರ್ಧವನ್ನು ಮಾತ್ರ ಬಳಸುತ್ತವೆ. 1200 ವ್ಯಾಟ್‌ನದಾದರೆ ಸುಮಾರು 2.3 ಆಂಪಿಯರ್‌ನಷ್ಟು ಡಿಸಿ ಹರಿಯುತ್ತದೆ. ನಡುವಿನ ತಂತಿಯ ಪ್ರತಿರೋಧ ಅರ್ಧ ಓಮ್ ಇದ್ದರೂ ಸಾಕೆಟ್‌ನಲ್ಲಿ 1 ವೋಲ್ಟ್‌ಗಿಂತ ಹೆಚ್ಚು ಡಿಸಿ ಬಂದು ಕೂರುತ್ತದೆ. ಟೊರಾಯ್ಡಲ್ ಕೋರ್‌ನಲ್ಲಿ ಗಾಳಿಯ ಸಂದು ಇಲ್ಲದಿರುವುದರಿಂದ ಅಷ್ಟಕ್ಕೇ ಅದು ಒಂದು ಬದಿಗೆ ಸ್ಯಾಚುರೇಟ್ ಆಗಿ, ಎಂದರೆ ಇನ್ನಷ್ಟು ಕಾಂತತ್ವ ಹಿಡಿಯಲಾರದೆ, ಗುಂಯ್‌ಗುಡುತ್ತದೆ. ಇದಕ್ಕೆ ಬೇಕಾದದ್ದು ಡಿಸಿ ಬ್ಲಾಕರ್: ವಿರುದ್ಧ ದಿಕ್ಕಿನಲ್ಲಿ ಸರಣಿಯಾಗಿ ಜೋಡಿಸಿದ ಎರಡು ದೊಡ್ಡ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್, ಅವುಗಳ ರಕ್ಷಣೆಗೆ ಡಯೋಡ್‌ಗಳು. ಸಿದ್ಧವಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಬರುವುದನ್ನೇ ಕೊಳ್ಳಿ. ಅರ್ಥ್ ತಂತಿ ಅದರಲ್ಲಿ ಕಡಿತವಾಗದೆ ನೇರವಾಗಿ ಹೋಗಿರಬೇಕು.

ಮಂದ್ರಸ್ಥಾಯಿ:
ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೂಡ ಡಿಸಿಯನ್ನು ಆಚೆಗೆ ಬಿಡುವುದಿಲ್ಲ. ನನ್ನ ಸಲಹೆ ತಪ್ಪಾಗಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಹಳೆಯ ತಂತಿ:
ಆಚೆಗೆ ಬಿಡುವುದಿಲ್ಲ, ಆದರೆ ಆ ಡಿಸಿಯನ್ನು ತಾನೇ ಅನುಭವಿಸುತ್ತದೆ. ನಿಮ್ಮ ಮೊದಲ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿದ್ದು ಪದರ ಸಡಿಲವಾಗಿದ್ದಕ್ಕೇ ಎಂದು ಅಳೆದು ನೋಡಿದ್ದಿರಾ?

ಮಂದ್ರಸ್ಥಾಯಿ:
ತಯಾರಿಸಿದವರೇ ಒಪ್ಪಿಕೊಂಡ ದೋಷವದು. ಏಳು ವಾರ ಕಾದವನು ನಾನು, ನೀವಲ್ಲ.

ಕೇಳುಗ:
ಇಂದು ಬೆಳಗ್ಗೆ ಡ್ರೈಯರನ್ನು ಪೂರ್ಣ ಬಿಸಿಯಲ್ಲಿಟ್ಟು ನೋಡಿದೆ. ಆಂಪ್ಲಿಫೈಯರ್ ಸುಮ್ಮನಿತ್ತು. ಅರ್ಧಕ್ಕಿಳಿಸಿದ ತಕ್ಷಣ ಗುಂಯ್ ಎಂದಿತು. ಸದ್ಯಕ್ಕೆ ಏನನ್ನೂ ಕೊಳ್ಳುತ್ತಿಲ್ಲ.

ಆಧಾರಶ್ರುತಿ:
ನಿಶ್ಶಬ್ದ ಅವರಿಗೆ: ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ, ಬೀಳಲಿಲ್ಲ. ನಾಳೆ ಎಲೆಕ್ಟ್ರಿಷಿಯನ್ ಬರುತ್ತಿದ್ದಾರೆ, ಹೊಸದನ್ನು ಹಾಕಿಸಿ ನನ್ನ ಸರಳನ್ನು ಮನೆಯ ಅರ್ಥ್‌ಗೆ ಜೋಡಿಸಲು ಹೇಳಿದ್ದೇನೆ. ಆದರೆ ಪ್ರತ್ಯೇಕವಾಗಿದ್ದಾಗ ಹಿನ್ನೆಲೆಯ ಸದ್ದು ಇಳಿದಿತ್ತೆಂಬ ನನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.