ಸೆನ್ಸರ್ ಹೊಸದು, ಆದರೂ ಎಬಿಎಸ್ ದೀಪ ಮತ್ತೆ ಬಂತು

ಪ್ರಶ್ನೆ, ಮೂಡಿಗೆರೆಯಿಂದ:
2009ರ ಡೀಸೆಲ್ ಹ್ಯಾಚ್‌ಬ್ಯಾಕ್, 1.4 ಲಕ್ಷ ಕಿ.ಮೀ. ಓಡಿದೆ. ಮಳೆ ಹಿಡಿದಾಗಿನಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ತಿರುಗದೆ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಬರುತ್ತೆ, ಕೆಲವು ದಿನ ತಾನಾಗೇ ಹೋಗುತ್ತೆ. ದೀಪ ಇಲ್ಲದ ದಿನ ಇನ್ನೊಂದು ಕಾಟ: ಗಾಡಿ ನಿಲ್ಲುವ ಮುಂಚೆ, 8–10 ಕಿ.ಮೀ. ವೇಗದಲ್ಲಿ, ಪೆಡಲ್ ಗಡಗಡ ಅಂತ ಕಾಲನ್ನು ಒದೆಯುತ್ತೆ. ಒಣ ರಸ್ತೆಯಲ್ಲೂ ಹೀಗೇ. ಸ್ಕ್ಯಾನ್ ಮಾಡಿದರೆ ಸಿ0035 ಅನ್ನೋ ದೋಷದ ಕೋಡ್. ಎಡ ಮುಂದಿನ ಚಕ್ರದ ವೇಗ ಅಳೆಯುವ ಸೆನ್ಸರ್ ಹೊಸದು ಹಾಕಿಸಿ ಮೂರು ವಾರ ಆಯ್ತು, ಮತ್ತೆ ಅದೇ ಕೋಡ್. ಈಗ ಎಬಿಎಸ್ ಯೂನಿಟ್ಟೇ ಹೋಗಿದೆ ಅಂತಾರೆ. ಸದ್ಯಕ್ಕೆ ಫ್ಯೂಸ್ ಕಿತ್ತು ಚಾರ್ಮಾಡಿ ಇಳಿಯಬಹುದಾ?

ಉತ್ತರ, ಹಾಸನದ ಆಟೋ ಎಲೆಕ್ಟ್ರಿಷಿಯನ್:
ಫ್ಯೂಸ್ ಕೀಳಬೇಡಿ. ಎಬಿಎಸ್ ಜೊತೆಗೆ ಇಬಿಡಿಯೂ ನಿಲ್ಲುತ್ತೆ. ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಕೊಡಬೇಕು ಅಂತ ಅಳೆದು ಕೊಡುವುದು ಅದೇ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದಿರುತ್ತೆ, ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡರೆ ಗಾಡಿ ಅಡ್ಡ ತಿರುಗುತ್ತೆ. ಹಳದಿ ಎಬಿಎಸ್ ದೀಪ ಒಂದೇ ಇದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತೆ. ಕೆಂಪು ಬ್ರೇಕ್ ದೀಪವೂ ಜೊತೆಗೆ ಬಂದರೆ ಘಾಟಿ ಇಳಿಯಲೇಬೇಡಿ, ಮೊದಲು ಬ್ರೇಕ್ ಆಯಿಲ್ ಮಟ್ಟ ನೋಡಿ.

ಯೂನಿಟ್ ಬದಲಾಯಿಸುವ ಮಾತು ಈಗಲೇ ಬೇಡ. ಸಿ0035 ಅಂದರೆ ಎಡ ಮುಂದಿನ ಚಕ್ರದ ಸರ್ಕ್ಯೂಟ್‌ನಲ್ಲಿ ತೊಂದರೆ ಅಂತ ಅಷ್ಟೇ; ಸೆನ್ಸರ್, ವೈರು, ಕನೆಕ್ಟರ್, ಚಕ್ರದ ಜೊತೆ ತಿರುಗುತ್ತಾ ಸೆನ್ಸರ್‌ಗೆ ವೇಗ ತಿಳಿಸುವ ಹಲ್ಲಿನ ರಿಂಗ್ ಎಲ್ಲವೂ ಅದರೊಳಗೇ ಬಂತು. ಎಡ ಅಂದರೆ ಡ್ರೈವರ್ ಸೀಟಲ್ಲಿ ಕೂತವರ ಎಡ. ಗಾಡಿ ಎದುರು ನಿಂತು ನೋಡಿ ಬಲಗಡೆಯದನ್ನು ಬಿಚ್ಚಿದ ಕೇಸುಗಳು ಬೇಕಾದಷ್ಟಿವೆ, ಅದನ್ನೂ ಖಾತ್ರಿ ಮಾಡಿಕೊಳ್ಳಿ.

ಮೊದಲು ಸೆನ್ಸರ್ ಯಾವ ಜಾತಿ ಅಂತ ಗೊತ್ತಾಗಬೇಕು. ಸೆನ್ಸರ್ ಪ್ಲಗ್ ಬಿಚ್ಚಿ, ಕೀ ಆನ್ ಮಾಡಿ, ಗಾಡಿ ಕಡೆಯ ಎರಡು ಪಿನ್‌ಗಳ ನಡುವೆ ಡಿಸಿ ವೋಲ್ಟ್ ನೋಡಿ. 8ರಿಂದ 12 ವೋಲ್ಟ್ ಬಂದರೆ ಆಕ್ಟಿವ್ ಸೆನ್ಸರ್, ಅಂದರೆ ಗಾಡಿಯಿಂದ ಕರೆಂಟ್ ಪಡೆದು ಕೆಲಸ ಮಾಡುವ ಜಾತಿ. ಅದಕ್ಕೆ ಓಮ್ ಮೀಟರ್ ಹಚ್ಚಬೇಡಿ, ಒಳಗಿನ ಚಿಪ್ ಹಾಳಾಗಬಹುದು. ಅಷ್ಟು ವೋಲ್ಟೇಜ್ ಬಾರದೆ, ಆಕ್ಸಲ್ ಜಾಯಿಂಟ್ ಮೇಲೆ ಹಲ್ಲಿನ ರಿಂಗ್ ಕಾಣಿಸಿದರೆ ಬಹುತೇಕ ಕಾಯಿಲ್ ಇರುವ ಪ್ಯಾಸಿವ್ ಸೆನ್ಸರ್. ಅದನ್ನು ಹೀಗೆ ಅಳೆಯಿರಿ:

ಸೆನ್ಸರ್‌ನ ಎರಡು ಪಿನ್ ನಡುವೆ ಸಾಮಾನ್ಯವಾಗಿ 800ರಿಂದ 2000 ಓಮ್ ಇರುತ್ತೆ. ಬಲಗಡೆಯದನ್ನೂ ಅಳೆದು ಹೋಲಿಸಿ. ಒಂದು ಪಿನ್‌ನಿಂದ ಬಾಡಿಗೆ ಹಿಡಿದರೆ ಮೀಟರ್ ಏನೂ ತೋರಿಸಬಾರದು. ಮೀಟರ್ ಹಚ್ಚಿಟ್ಟೇ ಒಬ್ಬರು ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಲಿ, ಇನ್ನೊಬ್ಬರು ವೈರಿಗೆ ನೀರು ಚಿಮುಕಿಸಿ ಅಲ್ಲಲ್ಲಿ ಬಗ್ಗಿಸಿ ನೋಡಲಿ. ಮಳೆಯಲ್ಲಿ ಮಾತ್ರ ಬರುವ ದೋಷ ಹೀಗೆ ಮಾಡದೆ ಸಿಗಲ್ಲ. ಕೊನೆಗೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಕಲ್ಲಿಟ್ಟು, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ ಎಸಿ ವೋಲ್ಟ್ ನೋಡಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬರಬೇಕು.

ಪೆಡಲ್ ಒದೆಯುವುದು ಬೇರೆ ದೂರು. ದೀಪ ಉರಿಯುವಾಗ ಎಬಿಎಸ್ ಬಂದ್, ಪೆಡಲ್ ಒದೆಯಲ್ಲ. ಹಾಗಾಗಿ ಒಂದೇ ಚಕ್ರದಲ್ಲಿ ಎರಡು ದೋಷ ಇರಬಹುದು. ರಿಂಗ್ ನೋಡಿ.

ಪ್ರಶ್ನೆ ಕೇಳಿದವರು:
ಪ್ಯಾಸಿವ್. ಎಡ 1120, ಬಲ 1090 ಓಮ್. ಆದರೆ ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಎಡದ ರೀಡಿಂಗ್ ಮಾಯ. ಸ್ಟ್ರಟ್ ಹತ್ತಿರದ ರಬ್ಬರ್ ಬುಷ್ ಕ್ಲಿಪ್‌ನಲ್ಲಿ ಕೂತೇ ಇಲ್ಲ, ಅಲ್ಲೇ ವೈರು ಟೈರಿಗೆ ಉಜ್ಜಿದ ಗುರುತಿದೆ.

ಉತ್ತರ, ಚಿಕ್ಕಮಗಳೂರಿನ ಬ್ರೇಕ್ ಮೆಕ್ಯಾನಿಕ್:
ಹೊಸ ಸೆನ್ಸರ್ ಮೂರೇ ವಾರಕ್ಕೆ ಹೋದ ಕಾರಣ ಸಿಕ್ಕಿತು. ಸವೆದಿರುವುದು ಸೆನ್ಸರ್‌ನದೇ ವೈರಾದರೆ ಸೆನ್ಸರ್ ಸಮೇತ ಬದಲಾಯಿಸಿ. ಚಕ್ರದ ಗೂಡಿನಲ್ಲಿ ಆಡುವ ವೈರಿಗೆ ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ತುಂಡಾಗುತ್ತೆ. ಜೋಡಿಸಲೇಬೇಕಾದರೆ ಅಲುಗಾಡದ ಜಾಗದಲ್ಲಿ ಕ್ರಿಂಪ್ ಮಾಡಿ, ಒಳಗೆ ಅಂಟು ಸವರಿದ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಎರಡು ವೈರಿನ ಹೆಣಿಗೆ ಬಿಡಿಸಬೇಡಿ. ಬುಷ್‌ಗಳೆಲ್ಲ ಅವುಗಳ ಕ್ಲಿಪ್‌ನಲ್ಲೇ ಕೂರಬೇಕು.

ಈಗ ರಿಂಗ್. ವೈರ್ ಬ್ರಷ್‌ನಲ್ಲಿ ಕೆಸರು ತೆಗೆದು, ಟಾರ್ಚ್ ಹಿಡಿದು, ಚಕ್ರವನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ನಮ್ಮ ಮಲೆನಾಡಿನ ತೇವಕ್ಕೆ ರಿಂಗ್‌ನ ಅಡಿಯಲ್ಲಿ ತುಕ್ಕು ಪದರಪದರವಾಗಿ ಉಬ್ಬಿ ರಿಂಗನ್ನೇ ಸೀಳುತ್ತೆ. ಸೀಳು ಕೂದಲೆಳೆಯಷ್ಟಿದ್ದರೂ ಅಲ್ಲಿ ಎರಡು ಹಲ್ಲುಗಳ ನಡುವಿನ ಸಂದು ಉಳಿದವಕ್ಕಿಂತ ಅಗಲ ಕಾಣುತ್ತೆ. ಪ್ಯಾಸಿವ್ ಸೆನ್ಸರ್‌ನ ಸಿಗ್ನಲ್ ವೇಗ ಇಳಿದಂತೆ ಕುಗ್ಗುತ್ತೆ. 10 ಕಿ.ಮೀ. ಹತ್ತಿರ ಸುತ್ತಿಗೊಮ್ಮೆ ಒಂದು ಹಲ್ಲು ತಪ್ಪಿದರೂ ಚಕ್ರ ಕಚ್ಚಿತು ಅಂತ ಯೂನಿಟ್ ತಿಳಿದು ಬ್ರೇಕ್ ಬಿಡುತ್ತೆ. ನಿಮ್ಮ ಕಾಲಿಗೆ ಬರುವ ಒದೆತ ಅದೇ. ಗಾಡಿ ನಿಲ್ಲುವ ದೂರವೂ ಹೆಚ್ಚುತ್ತೆ, ಹಗುರವಾಗಿ ತಗೋಬೇಡಿ.

ರಿಂಗ್ ಸರಿಯಿದ್ದರೆ ಸೆನ್ಸರ್ ಕೂರುವ ಗುಂಡಿ ನೋಡಿ. ತುಕ್ಕು ಸೆನ್ಸರನ್ನು ಮೇಲೆತ್ತಿದರೆ ರಿಂಗ್‌ಗೂ ಅದಕ್ಕೂ ನಡುವಿನ ಅಂತರ ಹೆಚ್ಚುತ್ತೆ. ಬಹಳ ಗಾಡಿಗಳಲ್ಲಿ ಅದು 0.3ರಿಂದ 1.2 ಮಿ.ಮೀ. ಒಳಗಿರಬೇಕು. ಎಮರಿ ಕಾಗದದಲ್ಲಿ ತಿಕ್ಕಿ, ಗ್ರೈಂಡರ್ ಬೇಡ. ಸೆನ್ಸರ್ ಕಚ್ಚಿಕೊಂಡಿದ್ದರೆ ಪಕ್ಕಡದಲ್ಲಿ ಎಳೆದರೆ ಮುರಿಯುತ್ತೆ; ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಗ್ಗೆ ಅತ್ತಿತ್ತ ತಿರುಗಿಸುತ್ತಾ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಸೀಳಿದೆ. ಒಂದು ಕಡೆ ಸಂದು ಎದ್ದು ಕಾಣುತ್ತೆ. ವೆಲ್ಡ್ ಮಾಡಿಸಲಾ?

ಉತ್ತರ, ಚಿಕ್ಕಮಗಳೂರಿನ ಬ್ರೇಕ್ ಮೆಕ್ಯಾನಿಕ್:
ಬೇಡ. ವೆಲ್ಡ್ ಮಾಡಿದರೂ ಆ ಸಂದು ಸರಿಹೋಗಲ್ಲ. ಬಹಳ ಗಾಡಿಗಳಿಗೆ ರಿಂಗ್ ಬಿಡಿಯಾಗಿ ಸಿಗುತ್ತೆ, ಜಾಯಿಂಟ್ ಪೂರ್ತಿ ಕೊಳ್ಳಬೇಕಿಲ್ಲ. ಹಳೆಯದರ ಹಲ್ಲು ಎಣಿಸಿ, ಒಳವ್ಯಾಸ ಅಳೆದು ತನ್ನಿ. ಒಂದು ಹಲ್ಲು ವ್ಯತ್ಯಾಸ ಇದ್ದರೂ ಆ ಚಕ್ರದ ವೇಗ ತಪ್ಪು ಓದುತ್ತೆ. ಜಾಯಿಂಟ್ ಮೇಲಿನ ತುಕ್ಕನ್ನು ಲೋಹ ಹೊಳೆಯುವವರೆಗೆ ತೆಗೆದು, ರಿಂಗ್ ಒಂದನ್ನೇ ಬಿಸಿ ಮಾಡಿ ನೇರವಾಗಿ ಕೂರಿಸಿ. ಓರೆಯಾಗಿ ಬಡಿದು ಕೂರಿಸಿದ ರಿಂಗ್ ಮತ್ತೆ ಸೀಳುತ್ತೆ.

ಮತ್ತೊಬ್ಬ ಸದಸ್ಯರು, ಅರಸೀಕೆರೆಯಿಂದ:
ನನ್ನ ಗಾಡಿಯಲ್ಲಿ ಹಲ್ಲಿನ ರಿಂಗೇ ಕಾಣಲ್ಲ. ಬೇರಿಂಗ್ ಬದಲಾಯಿಸಿದ ದಿನವೇ ದೀಪ ಬಂತು.

ಉತ್ತರ, ಹಾಸನದ ಆಟೋ ಎಲೆಕ್ಟ್ರಿಷಿಯನ್:
ಹಾಗಾದರೆ ಅದು ಆಕ್ಟಿವ್ ಸೆನ್ಸರ್. ಬೇರಿಂಗ್‌ನ ಒಂದು ಬದಿಯ ಸೀಲ್‌ನಲ್ಲೇ ಮ್ಯಾಗ್ನೆಟ್ ಇರುತ್ತೆ, ಆ ಬದಿ ಸೆನ್ಸರ್ ಕಡೆಗೇ ಬರಬೇಕು. ತಿರುಗಿಸಿ ಹಾಕಿದರೆ ಸಿಗ್ನಲ್ ಶೂನ್ಯ. ಸೆನ್ಸರ್ ತೆಗೆದು ಆ ಗುಂಡಿಯಲ್ಲಿ ತೆಳು ಸ್ಟೀಲ್ ತಂತಿಯ ತುದಿ ಇಳಿಸಿ. ಸೀಲ್ ಅದನ್ನು ಮೆಲ್ಲಗೆ ಎಳೆದರೆ ಬದಿ ಸರಿಯಿದೆ. ಬೇರಿಂಗ್ ಮತ್ತೆ ಬಿಚ್ಚಬೇಕಾಗಿ ಬಂದರೆ ಹೊಸದನ್ನೇ ಹಾಕಿ, ಪ್ರೆಸ್‌ನಲ್ಲಿ ತಳ್ಳಿದ್ದನ್ನು ಮತ್ತೆ ಬಳಸಬಾರದು.

ಮೂಡಿಗೆರೆಯವರಿಗೆ: ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಎಬಿಎಸ್ ತೆರೆಯುವ ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರದ ವೇಗ ತೆರೆದಿಡಿ. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ್ದು ಇದಕ್ಕೆ ಆಗಲ್ಲ. ನೇರ ಖಾಲಿ ರಸ್ತೆಯಲ್ಲಿ 30ಕ್ಕೆ ಏರಿಸಿ ನಿಧಾನವಾಗಿ ನಿಲ್ಲಿಸಿ. ಪರದೆ ಪಕ್ಕದವರು ನೋಡಲಿ. ನಾಲ್ಕೂ ಒಟ್ಟಿಗೆ ಸೊನ್ನೆಗೆ ಇಳಿಯಬೇಕು. ಒಂದು ಮಾತ್ರ ಮೊದಲೇ ಬಿದ್ದರೆ ಆ ಚಕ್ರದಲ್ಲಿ ಇನ್ನೂ ಕೆಲಸ ಬಾಕಿ ಇದೆ, ಘಾಟಿಗೆ ಹೋಗಬೇಡಿ.